ಗುಟ್ಟಿನ ಸರ್ವೇಯಲ್ಲಿ ನಾನು ತೆಗೆದ ಫೋಟೋ

ಸರ್ವೇ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ನನ್ನ ಮನೆಗೆ ಬಂದು, "ಕಾಕಾ, ಮಂದಿ ಬಾಯಿ ಬಿಡಿಸೋದು ಹ್ಯಾಂಗ್ರಿ?" ಎಂದು ಕೇಳುತ್ತಾರೆ. ಬಾಯಿ ಬಿಡಿಸುವುದು ಸುಲಭ. ನಮ್ಮ ಯಾದಗಿರಿ ಜಿಲ್ಲೆಯಲ್ಲಿ ಒಂದು ಕಪ್ ಚಹಾ ಮುಗಿಯುವುದರೊಳಗೆ ಮನುಷ್ಯ ತನ್ನ ಮನೆಯ ಹಕೀಕತ್ತೆಲ್ಲ ಹೇಳಿ ಪಕ್ಕದ ಮನೆಯದನ್ನೂ ಶುರು ಮಾಡಿರುತ್ತಾನೆ. ಕಷ್ಟವಿರುವುದು ಕೇಳಿಸಿಕೊಂಡು ಬಂದವನು ತನ್ನ ಬಾಯಿ ಮುಚ್ಚಿಕೊಂಡಿರುವುದರಲ್ಲಿ. ಅದನ್ನು ನಾನು ಕಲಿಯಲಿಲ್ಲ. ಕಲಿಯದೇ ಇದ್ದುದರಿಂದ ಯಾರಿಗೆ ಏನಾಯಿತು ಎಂಬುದನ್ನು ಬರೆಯಲು ಕುಳಿತಿದ್ದೇನೆ. ಹೆಣ್ಣುಮಕ್ಕಳ ಹೆಸರುಗಳನ್ನು ಮಾತ್ರ ಬದಲಿಸಿದ್ದೇನೆ. ಅಷ್ಟು ಬುದ್ಧಿ ಈಗ ಬಂದಿದೆ.

ನನ್ನ ಓದು ಹೈಸ್ಕೂಲಿಗೆ ನಿಂತಿತು. ಊರು ಶಹಾಪುರ. ಕಾಲುವೆ ನೀರು ಬಂದ ಹೊಸದರಲ್ಲಿ ಯಾರ ಹೊಲಕ್ಕೆ ನೀರು ಹತ್ತಿದೆ, ಯಾರು ಜೋಳ ಬಿಟ್ಟು ಭತ್ತಕ್ಕೆ ಇಳಿದಿದ್ದಾರೆ ಎಂದು ಬರೆದುಕೊಂಡು ಬರಲು ದಿನಗೂಲಿಯ ಮೇಲೆ ಹೋದವನು ನಾನು. ಕಾಲುವೆ ದಂಡೆಯ ಮೇಲೆ ಸೈಕಲ್ಲು, ಹಿಂದೆ ಕ್ಯಾರಿಯರಿನಲ್ಲಿ ಕಾಗದದ ಕಟ್ಟು. ಆಮೇಲೆ ಕೋಳಿ ಎಣಿಸಿದೆ, ಬೋರ್‌ವೆಲ್ ಎಣಿಸಿದೆ, ಅಂಗಡಿ ಎಣಿಸಿದೆ, ಪಾಯಖಾನೆ ಎಣಿಸಿದೆ. ಪಾಯಖಾನೆ ಎಣಿಸುವಾಗ ಒಳಗಿದ್ದವರು ಬೈದದ್ದೂ ಉಂಟು. ಊರಲ್ಲಿ ನನಗೆ "ಸರ್ವೇ ಬಸಣ್ಣ" ಎಂದೇ ಹೆಸರಾಯಿತು. ಕೊನೆಯ ವರ್ಷಗಳಲ್ಲಿ ಕಲಬುರಗಿಯ ಒಂದು ಸರ್ವೇ ಸಂಸ್ಥೆಗೆ ಕೆಲಸ ಮಾಡುತ್ತಿದ್ದೆ. ಅಲ್ಲಿ ನಮ್ಮ ಮೇಲಿನವರು ದೇಸಾಯಿ ಸಾಹೇಬರು. ಒಳ್ಳೆಯ ಮನುಷ್ಯರು, ಆದರೆ ಅವರ ಮೇಲಿನವರ ಫೋನ್ ಬಂದರೆ ಕುರ್ಚಿ ಬಿಟ್ಟು ಎದ್ದು ನಿಂತೇ ಮಾತಾಡುವವರು.

ಒಂದು ದಿನ ಅವರು ನಮ್ಮನ್ನೆಲ್ಲ ಕೂರಿಸಿ ಹೊಸ ಸರ್ವೇ ಬಗ್ಗೆ ತರಬೇತಿ ಕೊಟ್ಟರು. ವಿಷಯ ಇಷ್ಟು. ಹೊರದೇಶಕ್ಕೆ ಮಾಲು ಕಳಿಸುವವರ ಕೈಗೆ ಅಲ್ಲಿಯ ಗಿರಾಕಿಗಳ ಹೆಸರು, ವಿಳಾಸ, ಕೆಲವೊಮ್ಮೆ ಕಾಯಿಲೆಯ ವಿಷಯವೂ ಬರುತ್ತದೆ. ಅದನ್ನು ಜೋಪಾನ ಮಾಡುತ್ತೇವೆ ಎಂದು ತಪಾಸಣೆ ಮಾಡಿಸಿಕೊಂಡು ಒಂದು ಸರ್ಟಿಫಿಕೇಟ್ ಪಡೆದರೆ ಅದು ಹಲವು ದೇಶಗಳಲ್ಲಿ ನಡೆಯುತ್ತದೆ, ದೇಶಕ್ಕೊಂದು ಪುರಾವೆ ಕೊಡಬೇಕಾಗಿಲ್ಲ. ಈ ಸರ್ಟಿಫಿಕೇಟಿನಿಂದ ವ್ಯಾಪಾರ ಹೆಚ್ಚಾಯಿತೇ, ಅದನ್ನು ಪಡೆಯಲು ಎಷ್ಟು ತ್ರಾಸಾಯಿತು, ಇಲ್ಲದವರಿಗೆ ಏನು ಅಡ್ಡಿಯಾಯಿತು ಎಂದು ನಾವು ಕೇಳಿಕೊಂಡು ಬರಬೇಕು.

"ಇದು ಗುಟ್ಟಿನ ಸರ್ವೇ ಅದ," ಎಂದರು ಸಾಹೇಬರು. "ಗುಟ್ಟಿನ ಬಗ್ಗೆ ಕೇಳೋದು, ಕೇಳಿದ್ದನ್ನ ಗುಟ್ಟಾಗಿ ಇಡೋದು. ತಿಳೀತೇನ್ರಿ?"

"ತಿಳೀತ್ರಿ," ಎಂದೆವು ಎಲ್ಲರೂ. ಹೊರಗೆ ಬಂದು ಚಹಾ ಅಂಗಡಿಯಲ್ಲಿ ಇಡೀ ತರಬೇತಿಯನ್ನು ಚಹಾದವನಿಗೆ ಹೇಳಿದೆವು.

ಮೊದಲು ಹೋದದ್ದು ವಡಗೇರಾ ಕಡೆಯ ಒಂದು ರೈಸ್ ಮಿಲ್ಲಿಗೆ. ಮಾಲಕರು ಗೌಡರು. ಮಿಲ್ಲಿನ ಬಾಗಿಲಲ್ಲೇ ಬೆಂಚು, ಬೆಂಚಿನ ಮೇಲೆ ಕೆಲಸವಿದ್ದವರು, ಇಲ್ಲದವರು ಎಲ್ಲರೂ ಕೂತಿದ್ದರು. ಬೇರೆ ಕಡೆ ಕೂತು ಮಾತಾಡೋಣವೇ ಎಂದು ಕೇಳಿದೆ.

"ಯಾಕ, ನಾ ಏನು ಕಳವು ಮಾಡೀನೇನು? ಇಲ್ಲೇ ಕೇಳು," ಎಂದರು ಗೌಡರು.

"ನಿಮ್ಮ ಅಕ್ಕಿ ಹೊರದೇಶಕ್ಕ ಹೋಗ್ತದೇನ್ರಿ?"

"ನಾ ಹೈದ್ರಾಬಾದಿನ ಪಾರ್ಟಿಗಿ ಕೊಡ್ತೀನಿ. ಅಂವ ಹಡಗಿಗಿ ಹಾಕ್ತಾನೋ ಸಮುದ್ರಕ್ಕ ಒಗೀತಾನೋ ನನಗೇನು ಗೊತ್ತು?"

"ನಿಮ್ಮ ಗಿರಾಕಿ ಮಾಹಿತಿ ಬ್ಯಾರೇದವರಿಗಿ ತಿಳೀದಂಗ ಏನು ಬಂದೋಬಸ್ತ್ ಮಾಡೀರಿ?"

ಗೌಡರು ಬಾಯಿ ತೆರೆಯುವ ಮೊದಲೇ ಒಬ್ಬ ಹಮಾಲ ಮೂಟೆ ಇಳಿಸಿ, "ಗೌಡ್ರ ಗಿರಾಕಿ ಬಗ್ಗೆ ನನ್ನ ಕೇಳ್ರಿ, ಪೂರಾ ಹೇಳ್ತೀನಿ," ಎಂದ. ಹೇಳಿಯೂ ಹೇಳಿದ. ಅವನು ತಪ್ಪಿದಲ್ಲಿ ಬೆಂಚಿನವರು ತಿದ್ದಿದರು. ಹೈದ್ರಾಬಾದಿನ ಪಾರ್ಟಿಯ ಅಳಿಯನಿಗೆ ಸಕ್ಕರೆ ಕಾಯಿಲೆ ಇದೆ ಎಂಬುದೂ ಬಂತು. ಗೌಡರು ಹೆಮ್ಮೆಯಿಂದ ಮೀಸೆ ತಿರುವುತ್ತ, "ಬರಕೋ. ನಮ್ಮಲ್ಲಿ ಮುಚ್ಚುಮರಿ ಇಲ್ಲ," ಎಂದರು.

ಶಹಾಪುರದಲ್ಲಿ ಹತ್ತಿ ದಲಾಲರೊಬ್ಬರು ಇದ್ದರು. ಅವರಿಗೆ ನನ್ನ ಪ್ರಶ್ನೆಗಳು ತಲೆಗೇ ಹತ್ತಲಿಲ್ಲ. ಆಗ ನನಗೆ ಹಳೆಯ ಪದ್ಧತಿ ನೆನಪಾಯಿತು. ಮೊದಲು ಬಜಾರಿನಲ್ಲಿ ಬಾಯಿಂದ ದರ ಹೇಳುತ್ತಿರಲಿಲ್ಲ. ಕೊಳ್ಳುವವನು, ಮಾರುವವನು ಇಬ್ಬರೂ ಕೈ ಮೇಲೆ ಟವೆಲ್ ಹಾಕಿಕೊಂಡು ಒಳಗೆ ಬೆರಳು ಹಿಡಿದು ದರ ಮುರಿಯುತ್ತಿದ್ದರು. ಸುತ್ತ ನಿಂತವರಿಗೆ ಟವೆಲ್ ಅಲುಗುವುದಷ್ಟೇ ಕಾಣುತ್ತಿತ್ತು. "ಮಾಲಕ್, ಇದು ಆ ಟವೆಲ್ ಇದ್ದಂಗ ನೋಡ್ರಿ. ಕಂಪ್ಯೂಟರಿನ್ಯಾಗಿನ ಲೆಕ್ಕಕ್ಕ ಟವೆಲ್ ಹಾಕೀರೇನು ಅಂತ ಕೇಳಾಕತ್ತೇನಿ," ಎಂದೆ.

ಅವರ ಮುಖ ಅರಳಿತು. "ಹಿಂಗ ಹೇಳಬಾರದೇನೋ ಮಾರಾಯ! ಟವೆಲ್ ಹಾಕೀನಿ, ಆದ್ರ ನನ್ನ ಮೊಮ್ಮಗ ಅದರಾಗ ಆಟ ಆಡ್ತಾನ," ಎಂದರು. ಅಂದಿನಿಂದ ಎಲ್ಲ ಕಡೆಯೂ ಟವೆಲ್ ಹಿಡಿದೇ ಪ್ರಶ್ನೆ ಕೇಳಿದೆ. ತರಬೇತಿಯ ಪುಸ್ತಕಕ್ಕಿಂತ ಅದೇ ಉಪಯೋಗಕ್ಕೆ ಬಂತು.

ಇಲ್ಲೊಂದು ಸಣ್ಣ ತಪ್ಪನ್ನೂ ಹೇಳಿಬಿಡುತ್ತೇನೆ. ಅರ್ಧದಷ್ಟು ಪ್ರಶ್ನೆಗಳಿಗೆ ಮಂದಿ "ಗೊತ್ತಿಲ್ರಿ" ಎನ್ನುತ್ತಿದ್ದರು. ಗೊತ್ತಿಲ್ಲ ಎಂಬ ಉತ್ತರ ಹೆಚ್ಚಾದರೆ ದೇಸಾಯಿ ಸಾಹೇಬರು, "ಬಸಣ್ಣ, ನೀನು ಬರಾಬರ್ ಕೇಳಾಕತ್ತಿಲ್ಲ," ಎಂದು ರೇಗುತ್ತಿದ್ದರು. ಅದಕ್ಕೆ ನಾನು ಕಾಲುವೆಯ ಸೇತುವೆ ಮೇಲೆ ಕೂತು ಕೆಲವು "ಗೊತ್ತಿಲ್ಲ"ಗಳನ್ನು "ಇಲ್ಲ" ಮಾಡುತ್ತಿದ್ದೆ. ಸಾಹೇಬರಿಗೆ ಖುಷಿ. ಎಲ್ಲೋ ದೂರದ ಊರಿನಲ್ಲಿ ಕೂತವರು ಅದನ್ನು ಓದಿ, ಈ ಕಡೆಯವರಿಗೆ ಇಂಥ ಸರ್ಟಿಫಿಕೇಟ್ ಬೇಕಿಲ್ಲ ಎಂದುಕೊಂಡಿರಬೇಕು. ಬೇಕೋ ಬೇಡವೋ ಯಾರಿಗೂ ಗೊತ್ತಿರಲಿಲ್ಲ, ಅಷ್ಟೇ. ಹೊಸಬರೇ, "ಗೊತ್ತಿಲ್ಲ" ಎಂದವರಿಗೆ "ಗೊತ್ತಿಲ್ಲ" ಎಂದೇ ಹಾಕಿರಿ. ಅದೂ ಒಂದು ಉತ್ತರವೇ.

ಕಾಗದ ಇದ್ದಾಗ ನಮ್ಮ ಮಾತೇ ಪ್ರಮಾಣ. ಟ್ಯಾಬ್ ಬಂದ ಮೇಲೆ ನಂಬಿಕೆ ಹೋಯಿತು. ಎಲ್ಲಿ ನಿಂತು ಒತ್ತಿದೆ ಎಂದು ಅದು ಹೇಳುತ್ತದೆ. ಕಡೆಗೆ ಒಂದು ಫೋಟೋ ಹಾಕದಿದ್ದರೆ ಫಾರಂ ಮುಂದಕ್ಕೇ ಹೋಗುವುದಿಲ್ಲ. ನಾನು ಅಂಗಡಿಯ ಬೋರ್ಡು, ಮಾಲಕರ ಮುಖ ತೆಗೆದು ಕಳಿಸುತ್ತಿದ್ದೆ. ಸಾಹೇಬರು ಅವನ್ನೂ ವಾಪಸ್ ಕಳಿಸುತ್ತಿದ್ದರು. "ಇದು ಮನಿ ಕಂಡಂಗ ಕಾಣ್ತದ. ಮಷೀನು ಕಾಣಬೇಕು, ಕೆಲಸ ನಡದದ್ದು ಕಾಣಬೇಕು," ಎನ್ನುವರು. ಹೀಗೆ ಬೈಸಿಕೊಂಡು ಬೈಸಿಕೊಂಡು ನನ್ನ ತಲೆಯಲ್ಲಿ ಮಷೀನಿನ ಫೋಟೋ ಒಂದೇ ಕೂತುಬಿಟ್ಟಿತು. ಅದೇ ತಲೆಯಲ್ಲಿ ಸುರಪುರಕ್ಕೆ ಹೋದೆ.

ಸುರಪುರದ ಒಂದು ಓಣಿಯಲ್ಲಿ ಶರಣಮ್ಮನವರ ಹೊಲಿಗೆ ಕೇಂದ್ರ. ನಡುವಯಸ್ಸಿನ ಹೆಣ್ಣುಮಗಳು, ಮಾತು ಕಡಿಮೆ. ಹತ್ತಾರು ಹೆಣ್ಣುಮಕ್ಕಳು ಅಲ್ಲಿ ಹೊಲಿಯುತ್ತಿದ್ದರು. ಕ್ಯಾನ್ಸರ್ ಆಗಿ ಎದೆ ತೆಗೆಸಿಕೊಂಡ ಹೊರದೇಶದ ಹೆಂಗಸರಿಗೆ ಒಳಗೆ ಹಾಕಿಕೊಳ್ಳುವ ಮೆತ್ತನೆಯ ಹತ್ತಿಯ ಕುಪ್ಪಸ ಅವರ ಕೆಲಸ. ಒಬ್ಬೊಬ್ಬರಿಗೂ ಬೇರೆ ಬೇರೆ ಅಳತೆ. ಎಡಗಡೆಯೋ ಬಲಗಡೆಯೋ, ಗಾಯ ಇನ್ನೂ ನೋಯುತ್ತದೆಯೋ, ಹೊಲಿಗೆ ಎಲ್ಲಿ ತಾಗಬಾರದು, ಎಲ್ಲವೂ ಬರೆದು ಬರುತ್ತಿತ್ತು. ಅದರ ಚೀಟಿ ಹೊಲಿಯುವ ಬಟ್ಟೆಗೆ ಪಿನ್ನು ಚುಚ್ಚಿರುತ್ತಿತ್ತು, ಹೆಸರಿನ ಸಮೇತ. ಹೀಗಾಗಿ ಒಳಗೆ ಯಾರ ಫೋನೂ ಹೋಗಬಾರದು. ನನ್ನ ಫೋನನ್ನೂ ಬಾಗಿಲಲ್ಲೇ ತೆಗೆದುಕೊಂಡರು. ಟ್ಯಾಬ್ ಮಾತ್ರ ಸರ್ವೇದ್ದು ಎಂದು ಬಿಟ್ಟರು. ಒಳಗಿನ ಕೋಣೆಗೆ ಹೊಂದಿಕೊಂಡ ಪಡಸಾಲೆಯಲ್ಲಿ ನನ್ನನ್ನು ಕೂರಿಸಿದರು.

"ಸರ್ಟಿಫಿಕೇಟ್ ಇಲ್ಲದಿದ್ರ ಈ ಕೆಲಸ ಬರ್ತಿತ್ತೇನ್ರಿ ಅಕ್ಕಾರ?"

"ಬರ್ತಿದ್ದಿಲ್ರಿ. ಮೊದಲ ನಾವು ಬಟ್ಟಿ ಚೀಲ ಹೊಲೀತಿದ್ವಿ. ಚೀಲಕ್ಕ ಯಾರ ಹೆಸರು ಬೇಕ್ರಿ? ಒಬ್ಬಕಿ ಹೆಣ್ಣುಮಗಳು ಕೊಯ್ಸಿಕೊಂಡ ಎದಿ ಅಳತಿ ಕಳಸ್ತಾಳಂದ್ರ ನಮ್ಮ ಮ್ಯಾಲ ನಂಬಿಕಿ ಬೇಕು. ನಮ್ಮ ಮಾರಿ ಅಕಿ ನೋಡಿಲ್ಲ. ಅದಕ್ಕ ಕಾಗದ ಕೇಳ್ತಾರ. ಕಾಗದ ಹೋತಂದ್ರ ಮತ್ತ ಚೀಲಕ್ಕ ಬರ್ತೀವಿ."

ಇಡೀ ಸರ್ವೇಯಲ್ಲಿ ನಾನು ಹುಡುಕುತ್ತಿದ್ದ ಉತ್ತರ ಅದು. ಹುರುಪು ಬಂತು. ಫೋಟೋ ಬೇಕು ಎಂದೆ. ಒಳಗಿನದು ಬೇಡ ಎಂದು ಅವರು ಹೊರಗೆ ಬಂದು ಬೋರ್ಡಿನ ಕೆಳಗೆ ನಿಂತರು. ತೆಗೆದೆ. ಅದರಲ್ಲಿ ಕಂಡದ್ದು ಮನೆ. ಬರೀ ಮನೆ. ಸಾಹೇಬರು ವಾಪಸ್ ಕಳಿಸುವುದು ಖಾತ್ರಿ. ಶರಣಮ್ಮನವರು ಚಹಾ ತರಲು ಹಿಂದಕ್ಕೆ ಹೋದರು. ನಾನು ಎದ್ದು ಒಳಗಿನ ಬಾಗಿಲಿಂದ ಟ್ಯಾಬ್ ಎತ್ತಿ ಒಂದು ಫೋಟೋ ಹೊಡೆದೆ. ಹೆಣ್ಣುಮಕ್ಕಳು ತಲೆ ತಗ್ಗಿಸಿ ಹೊಲಿಯುತ್ತಿದ್ದರು, ಮಷೀನಿನ ಸದ್ದಿಗೆ ಯಾರೂ ಕತ್ತೆತ್ತಲಿಲ್ಲ. ಚಹಾ ಕುಡಿದು, "ಭಾರೀ ಛಲೋ ಕೆಲಸ ಮಾಡಾಕತ್ತೀರಿ," ಎಂದು ಹೊಗಳಿ ಬಂದೆ.

ಅಲ್ಲಿಗೆ ಬಿಟ್ಟಿದ್ದರೂ ನಡೆಯುತ್ತಿತ್ತು. ಆ ರಾತ್ರಿ ನನಗೆ ಅಭಿಮಾನ ಉಕ್ಕಿತು. ನಮ್ಮ ಸುರಪುರದ ಹೆಣ್ಣುಮಕ್ಕಳು ಸಮುದ್ರದ ಆಚೆಯವರ ಮೈ ಮುಚ್ಚುತ್ತಾರೆ ಎಂದು ಆ ಫೋಟೋವನ್ನು ಟ್ಯಾಬಿನಿಂದ ಫೋನಿಗೆ ತೆಗೆದುಕೊಂಡು ನಮ್ಮ ಹಳೆಯ ಗೆಳೆಯರ ವಾಟ್ಸಾಪ್ ಗುಂಪಿಗೆ ಹಾಕಿದೆ. ಎಲ್ಲರೂ ಕೈ ಮುಗಿದರು, ಹೂವು ಕಳಿಸಿದರು. ಅಲ್ಲಿಂದ ಅದು ಎಲ್ಲೆಲ್ಲಿ ಹೋಯಿತೋ, ಮೊಬೈಲಿನಲ್ಲಿ ಬರುವ ಒಂದು ಸ್ಥಳೀಯ ಸುದ್ದಿಯಲ್ಲಿ ಬಂತು. ತೆಗೆದವರ ಹೆಸರಿರಲಿಲ್ಲ. ಶರಣಮ್ಮನವರ ಮೈದುನ ಅದನ್ನು ನೋಡಿ ಹಿಗ್ಗಿ, ಕುಪ್ಪಸ ಕೊಳ್ಳುವ ಕಂಪನಿಯ ಬೆಂಗಳೂರಿನ ಅಧಿಕಾರಿಗೇ ಕಳಿಸಿದ. ಆಕೆ ಚಿತ್ರವನ್ನು ದೊಡ್ಡದು ಮಾಡಿ ನೋಡಿದರು. ಪಿನ್ನು ಚುಚ್ಚಿದ ಚೀಟಿಗಳಲ್ಲಿ ಹೆಸರುಗಳು ಓದಲು ಬರುತ್ತಿದ್ದವು.

ಇದು ಯಾವುದೂ ನನಗೆ ಗೊತ್ತಿರಲಿಲ್ಲ. ಕೆಲವು ವಾರ ಬಿಟ್ಟು, ಕೊಟ್ಟ ಉತ್ತರಗಳನ್ನು ಮತ್ತೊಮ್ಮೆ ತಾಳೆ ನೋಡಲು ಶರಣಮ್ಮನವರಲ್ಲಿಗೆ ಹೋದೆ. ಮಷೀನುಗಳು ಸುಮ್ಮನಿದ್ದವು.

"ಆರ್ಡರ್ ನಿಲ್ಲಿಸ್ಯಾರ್ರಿ ಕಾಕಾರ," ಎಂದರು. "ವಿಚಾರಣಿ ಅದ. ಒಳಗಿನ ಫೋಟೋ ಹೊರಗ ಹೋಗೇದ. ಯಾರು ಕಳಿಸ್ಯಾರ ಅಂತ ತಿಳೀದಿದ್ರ ಸರ್ಟಿಫಿಕೇಟ್ ಹೋಗ್ತದ."

ಅವರು ಕೊಟ್ಟ ಚಹಾದ ಲೋಟ ಕೆಳಗಿಟ್ಟೆ. "ಯಾರಂತ ಗೊತ್ತಾತೇನ್ರಿ?" ಎಂದು ಕೇಳಿದೆ. ಕೇಳಿದ್ದು ನಾನೇ.

"ಬೋನಾಳದ ನಾಗಮ್ಮ. ಅವರವ್ವಗ ಆರಾಮ ಇದ್ದಿಲ್ಲ, ದವಾಖಾನಿಗಿ ಹಾಕಿದ್ರು. ಒಂದೀಟು ದಿನ ಫೋನ್ ಒಳಗ ಇಟಗೋ ಅಂತ ನಾನಾ ಬಿಟ್ಟಿದ್ದೆ. ಒಳಗ ಫೋನ್ ಇದ್ದದ್ದು ಅಕಿ ಒಬ್ಬಕಿ ಕಡೀಗಿನೇ. ಮನೀಗಿ ಕಳಿಸೀನಿ. ಛಲೋ ಹುಡುಗಿ ಅಂತ ತಿಳದಿದ್ದೆ."

ಆಗ ನಾನು ಏನು ಹೇಳಿದೆ ಎಂಬುದು ಈಗಲೂ ನನ್ನ ಕಿವಿಯಲ್ಲಿದೆ. "ಈಗಿನ ಹುಡುಗ್ಯಾರು ಹಂಗಾ ಅಕ್ಕಾರ, ನಂಬಬಾರದು," ಎಂದೆ. ಚಹಾ ಮುಗಿಸಿ ಎದ್ದೆ.

ಬಸ್ಸಿನಿಂದಲೇ ದೇಸಾಯಿ ಸಾಹೇಬರಿಗೆ ಫೋನ್ ಮಾಡಿ ನಿಜ ಹೇಳಿದೆ. ಆ ಕಡೆ ಕುರ್ಚಿ ಸರಿದ ಸದ್ದು ಕೇಳಿಸಿತು, ಎದ್ದು ನಿಂತಿರಬೇಕು. "ಹುಚ್ಚ ಇದ್ದೀಯೇನು ಬಸಣ್ಣ? ಗುಟ್ಟಿನ ಸರ್ವೇದಾಗ ನಾವಾ ಗುಟ್ಟು ಹೊರಗ ಹಾಕೀವಿ ಅಂತ ತಿಳದ್ರ ನಮ್ಮ ಮಾರಿ ಎಲ್ಲಿ ಇಡೋದು? ಸುಮ್ನ ಇರು. ತಾನಾ ತಣ್ಣಗ ಆಗ್ತದ." ನನಗೆ ಬೇಕಾಗಿದ್ದದ್ದೂ ಅದೇ ಮಾತು. ಮೇಲಿನವರ ಅಪ್ಪಣೆ ಎಂದುಕೊಂಡು ಸುಮ್ಮನಾದೆ. ಸಾಹೇಬರನ್ನು ದೂರುವುದಿಲ್ಲ. ಬೇಡವೆಂದವರು ಅವರು, ಬಾಯಿ ನನ್ನದೇ ಇತ್ತು.

ಮುಂದೆ ಒಂದು ಮಧ್ಯಾಹ್ನ, ಒಬ್ಬ ಮೆಣಸಿನಕಾಯಿ ವ್ಯಾಪಾರಿಯನ್ನು ನೋಡಿ ಸುರಪುರದ ಬಸ್ ನಿಲ್ದಾಣದಲ್ಲಿ ಶಹಾಪುರದ ಬಸ್ಸಿಗೆ ಕಾಯುತ್ತಿದ್ದೆ. ಒಬ್ಬಳು ಹೆಣ್ಣುಮಗಳು ಬಂದು ಪಕ್ಕದಲ್ಲಿ ಕೂತಳು. "ನೀವು ಸರ್ವೇ ಕಾಕಾ ಹೌದಲ್ರಿ? ಶರಣಮ್ಮಕ್ಕನ ಕಡೀಗಿ ಬಂದಿದ್ರಿ. ನಾ ನಾಗಮ್ಮ, ಬೋನಾಳದಾಕಿ," ಎಂದಳು.

ಕೈಕಾಲಿಗೆ ಕೆಸರಿನ ಬಣ್ಣ ಹಿಡಿದಿತ್ತು. ಕಾಲುವೆ ಕೆಳಗಿನ ಗದ್ದೆಗಳಲ್ಲಿ ನಾಟಿಗೆ ಹೋಗುತ್ತಿದ್ದಳು. ಅಲ್ಲಿ ಜೊತೆಯವರು, "ಏ ಫೋಟೋದಾಕಿ, ನಮ್ಮದೊಂದು ಹೊಡಿ," ಎಂದು ಕಿಚಾಯಿಸುತ್ತಿದ್ದರಂತೆ. ಅದನ್ನು ನಗುತ್ತಲೇ ಹೇಳಿದಳು.

"ನಾಳಿ ಮುಂಜಾನಿ ವಿಚಾರಣಿಗಿ ಕರದಾರ್ರಿ. ಟಿವಿಯಾಗ ಮಾರಿ ತೋರಿಸಿ ಮಾತಾಡಬೇಕಂತ. ನೀವು ಇದರಾಗ ತಿಳದವರು. ನಾ ಹ್ಯಾಂಗ ಮಾತಾಡಬೇಕು, ಒಂದೀಟು ಹೇಳಿಕೊಡ್ರಿ ಕಾಕಾ."

ನಾನು ಹೇಳಿಕೊಡಲು ಶುರುಮಾಡಿದೆ! ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ. ವರ್ಷಗಟ್ಟಲೆಯ ಅಭ್ಯಾಸ, ಪ್ರಶ್ನೆ ಕೇಳುವುದು ತಾನೇ ಬಂತು. "ಗಾಬರಿ ಆಗಬ್ಯಾಡ. ಕೇಳಿದ್ದಕ್ಕಷ್ಟಾ ಹೇಳು. ಒಳಗ ಫೋನ್ ಇತ್ತೇನು?"

"ಇತ್ರಿ. ಅವ್ವನ ಸಂಬಂಧ."

"ಫೋಟೋ ತಗದಿಯೇನು?"

"ಇಲ್ರಿ. ಆ ಫೋನಿನ ಕ್ಯಾಮೆರಾ ಒಡದು ಭಾಳ ದಿನ ಆಗ್ಯಾವ. ಹೇಳಿದ್ರ, ಆಮ್ಯಾಲ ಒಡಕೊಂಡಿ ಅಂತಾರ."

"ಹೊರಗಿನವರು ಯಾರರ ಬಂದಿದ್ರೇನು?"

"ಯಾರೂ ಇಲ್ರಿ. ನೀವು ಬಂದಿದ್ರಿ. ಆದ್ರ ನೀವು ಇದನ್ನಾ ಕಾಯಾಕ ಬಂದವರು. ನಿಮ್ಮ ಹೆಸರು ಯಾಕ ತರೋದಂತ ನಾ ಬಿಟ್ಟೀನಿ."

ಶಹಾಪುರದ ಬಸ್ಸು ಬಂದು ನಿಂತಿತು. ಕಂಡಕ್ಟರ್ ಕೂಗಿದ. ನಾನು ಏಳಲಿಲ್ಲ. ಬಸ್ಸು ಹೋಯಿತು.

"ನಾಗಮ್ಮ, ನಾನಾ ತಗದದ್ದು," ಎಂದೆ.

ಅವಳು ಕಾಲಿನ ಕೆಸರನ್ನು ಉಗುರಿನಿಂದ ಕೆರೆಯುತ್ತ ಕೂತಳು. ಆಮೇಲೆ, "ಶರಣಮ್ಮಕ್ಕ ನಿಮಗೂ ನನ್ನ ಹೆಸರು ಹೇಳಿರಬೇಕಲ್ರಿ, ಆವಾಗ ನೀವು ಏನಂದ್ರಿ?" ಎಂದು ಕೇಳಿದಳು. ನಾನು ಅಂದದ್ದನ್ನು ಹೇಳಿದೆ.

"ಹಂಗಾರ ನಾಳಿ ನನ್ನ ಕುರ್ಚಿ ಮ್ಯಾಲ ನೀವಾ ಕುಂದರ್ರಿ," ಎಂದಳು. "ನನಗ ಏನೂ ಹೇಳಿಕೊಡಬ್ಯಾಡ್ರಿ."

ಮರುದಿನ ಶರಣಮ್ಮನವರ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ನಾನು ಕೂತೆ. ಹೊಲಿಯುವವರೆಲ್ಲ ಗೋಡೆಗೆ ಒರಗಿ ನಿಂತಿದ್ದರು. ಪರದೆಯ ಮೇಲೆ ಬೆಂಗಳೂರಿನ ಅಧಿಕಾರಿ, ಅವರ ಪಕ್ಕದಲ್ಲಿ ಹೊರದೇಶದವರು ಒಬ್ಬರು. ನಾನು ಟ್ಯಾಬಿನ ಕಥೆ ಶುರುಮಾಡಿದೆ. ಫೋಟೋ ಇಲ್ಲದಿದ್ದರೆ ಫಾರಂ ಹೋಗುವುದಿಲ್ಲ, ನೆಟ್‌ವರ್ಕ್ ಹೀಗೆ, ಸಾಹೇಬರು ಹಾಗೆ ಎಂದು ಸುತ್ತುತ್ತಿದ್ದೆ. ಹಿಂದಿನಿಂದ ನಾಗಮ್ಮನ ದನಿ ಬಂತು. "ಕಾಕಾ, ಟ್ಯಾಬ್ ತಾನಾ ಎದ್ದು ಹೋಗಿ ಫೋಟೋ ಹೊಡೀತೇನ್ರಿ?" ಹೆಣ್ಣುಮಕ್ಕಳು ಕಿಸಕ್ಕೆಂದು ನಕ್ಕರು. ಆಮೇಲೆ ಉಳಿದದ್ದನ್ನು ಸುತ್ತದೆ ಹೇಳಿದೆ. ಬೇಡವೆಂದರೂ ತೆಗೆದೆ, ಗೆಳೆಯರಿಗೆ ಕಳಿಸಿದೆ, ತಪ್ಪು ಇನ್ನೊಬ್ಬರ ಮೇಲೆ ಬಂದಾಗ ಸುಮ್ಮನಿದ್ದೆ ಎಂದೆ. ಶರಣಮ್ಮನವರು ನಾಗಮ್ಮನ ಕಡೆ ನೋಡುತ್ತಿದ್ದರು.

ಸರ್ಟಿಫಿಕೇಟ್ ಉಳಿಯಿತು. ಹೊಸ ನಿಯಮಗಳು ಬಂದವು. ಚೀಟಿಯಲ್ಲಿ ಇನ್ನು ಹೆಸರಿಲ್ಲ, ಗುರುತಿನ ಅಂಕಿ ಮಾತ್ರ. ಕೆಲಸ ನಿಧಾನವಾಗಿ ಮತ್ತೆ ಬಂತು, ಮೊದಲಿನಷ್ಟಲ್ಲ. ಹೆಸರು ಕಂಡ ಹೆಂಗಸರಿಗೆಲ್ಲ ಕಂಪನಿಯವರು ತಪ್ಪಾಯಿತೆಂದು ಬರೆದರಂತೆ. ಕೆಲವರು ಇನ್ನು ಆ ಕುಪ್ಪಸ ನಮಗೆ ಬೇಡ ಎಂದರಂತೆ. ಅವರ ಮುಂದೆ ಯಾವ ಕುರ್ಚಿಯ ಮೇಲೂ ನಾನು ಕೂರಲು ಆಗಿಲ್ಲ. ನಾಗಮ್ಮನನ್ನು ಕರೆಯಲು ಶರಣಮ್ಮನವರು ತಾವೇ ಬೋನಾಳಕ್ಕೆ ಹೋದರು. ಅವಳು ನಾಟಿ ಮುಗಿಯಲಿ ಎಂದು ಅವರನ್ನು ಕಾಯಿಸಿ, ಮುಗಿದ ಮೇಲೆಯೇ ಬಂದಳು. ನನ್ನನ್ನು ಸಾಹೇಬರು ಕೆಲಸದಿಂದ ಬಿಡಿಸಿದರು. ಫೋನಿನಲ್ಲಿ ಅವರ ದನಿ ಅಳುವ ಹಾಗಿತ್ತು. ನನ್ನ ನಿವೃತ್ತಿ ಎಂದರೆ ಅದೇ.

ಹೋದ ಚಳಿಗಾಲದಲ್ಲಿ ಅಂಥದೇ ಇನ್ನೊಂದು ಸರ್ವೇ ಬಂತು. ಹೊಸದಾಗಿ ಸೇರಿದ ಒಬ್ಬ ಹುಡುಗಿ, ಸುರಪುರದಲ್ಲಿ ಹೊಲಿಗೆ ಕೇಂದ್ರದವರು ಬಾಗಿಲೇ ತೆಗೆಯುವುದಿಲ್ಲವಂತೆ, ನೀವು ಬನ್ನಿ ಎಂದಳು. ನಾನು ಹೋದರೆ ತೆಗೆಯುವ ಬಾಗಿಲೂ ಮುಚ್ಚೀತು ಎಂದೆ. ಆದರೂ ಕರೆದುಕೊಂಡು ಹೋದಳು.

ಬಾಗಿಲು ತೆಗೆದವಳು ನಾಗಮ್ಮ. ಹುಡುಗಿಯ ಗುರುತಿನ ಚೀಟಿ ನೋಡಿ, ಟ್ಯಾಬ್ ತೆಗೆದುಕೊಂಡು ಕಪಾಟಿನಲ್ಲಿಟ್ಟು, ಕಾಗದ ಪೆನ್ನು ಕೊಟ್ಟು ಒಳಗೆ ಬಿಟ್ಟಳು. ನನ್ನ ಕಡೆ ತಿರುಗಿ, "ಆರಾಮ ಇದ್ದೀರೇನ್ರಿ ಕಾಕಾ? ನೀವು ಇಲ್ಲೇ ಕಟ್ಟಿ ಮ್ಯಾಲ ಕುಂದರ್ರಿ," ಎಂದಳು. ಕೂತೆ. ಪಡಸಾಲೆಯ ಕಿಟಕಿ ನನ್ನ ತಲೆಯ ಮೇಲೇ ಇತ್ತು. ಒಳಗೆ ಹುಡುಗಿ ಒಂದೊಂದೇ ಪ್ರಶ್ನೆ ಕೇಳುವುದು ಕೇಳಿಸುತ್ತಿತ್ತು.

"ಗಿರಾಕಿ ಮಾಹಿತಿ ಯಾವಾಗರ ಹೊರಗ ಹೋಗೇದೇನ್ರಿ ಅಕ್ಕಾರ?"

"ಒಮ್ಮೆ ಹೋಗೇದ," ಎಂದರು ಶರಣಮ್ಮನವರು.

"ಹ್ಯಾಂಗ ಹೋತ್ರಿ?"

"ಹೊರಗಿನವರೊಬ್ಬರು ಬಂದು ಫೋಟೋ ತಗದಿದ್ರು."

"ಯಾರಂತ ಗೊತ್ತಾತೇನ್ರಿ?"

ನಾನು ಕಿಟಕಿಯ ಕಡೆ ತಲೆ ಎತ್ತಿದೆ.

"ಗೊತ್ತಾಗೇದವ್ವ," ಎಂದರು ಶರಣಮ್ಮನವರು. "ಹೆಸರು ಮಾತ್ರ ಹೇಳಂಗಿಲ್ಲ. ಅದೂ ಒಬ್ಬರ ಮಾಹಿತಿನೇ ಅಲ್ಲೇನು?"

ಆಮೇಲೆ ನಾಗಮ್ಮ ಬಂದು ಕಿಟಕಿ ಮುಚ್ಚಿದಳು.